ಒಂದು ತೆನೆ ಕಿತ್ತಿದ್ದಕ್ಕೆ

ಜಪಾನಿಂದ ಬಂದು ಹದಿನೈದು ದಿನ ಆಯ್ತು. ನಾನಿಲ್ಲದಾಗ ತಮ್ಮ ನೀರು ಚೆನ್ನಾಗೇ ಕಟ್ಟಿದ್ದಾನೆ, ನಮ್ಮ ಗದ್ದೆ ಹೊಡೆ ತುಂಬಿದೆ. ಅಲ್ಲಿ ಭತ್ತ ಹೆಂಗೆ ಬೆಳೀತಾರೆ, ಮಿಷನ್ ಎಂಥದ್ದು ಅಂತ ಸುಮಾರು ಜನ ಕೇಳಿದ್ರಿ. ಅದನ್ನ ಇನ್ನೊಂದು ದಿನ ಬರೀತೀನಿ. ಇವತ್ತು ನಾನು ಮಾಡ್ಕೊಂಡ ಒಂದು ಎಡವಟ್ಟಿನ ವಿಷಯ. ಮಕ್ಕಳು ಹೊರದೇಶದಲ್ಲಿರೋರಿಗೆ ಉಪಯೋಗಕ್ಕೆ ಬರಬಹುದು.

ಮಗಳ ಬಾಣಂತನಕ್ಕೆ ನಮ್ಮ ಮನೆಯವಳು ಜುಲೈನಲ್ಲೇ ಹೋಗಿದ್ಲು. ನಾನು ನಾಟಿ ಮುಗಿಸಿ ಆಗಸ್ಟ್ ಕೊನೇಲಿ ಹೋದೆ. ಅಳಿಯ ಇರೋದು ತ್ಸುಕುಬಾ ಅನ್ನೋ ಊರಲ್ಲಿ. ಟೋಕಿಯೋದಿಂದ ರೈಲಲ್ಲಿ ಮುಕ್ಕಾಲು ಗಂಟೆ. ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳ ಊರು ಅದು. ಆದ್ರೆ ಮನೆಯಿಂದ ಹತ್ತು ನಿಮಿಷ ನಡೆದ್ರೆ ಗದ್ದೆ ಬಯಲು. ನೋಡಿ ಜೀವ ಬಂದಂಗಾಯ್ತು.

ಮೊದಲ ವಾರ ಪೂರ್ತಿ ಮಗಳು ನನಗೆ ಒಂದನೇ ಕ್ಲಾಸ್ ಹುಡುಗನಿಗೆ ಹೇಳ್ಕೊಟ್ಟಂಗೆ ಹೇಳ್ಕೊಟ್ಲು. ಚಪ್ಪಲಿ ಹೊರಗೆ ಬಿಡೋದು ನಮಗೇನು ಹೊಸದಾ ಅಂದ್ಕೊಂಡಿದ್ದೆ. ಅಲ್ಲಿ ಅದಕ್ಕೂ ಕ್ರಮ ಇದೆ. ಬಾಗಿಲೊಳಗೆ ತಗ್ಗಾದ ಜಾಗದಲ್ಲಿ ಬಿಟ್ಟು, ಅದರ ಮೂತಿ ಬಾಗಿಲ ಕಡೆ ತಿರುಗಿಸಿ ಇಡಬೇಕು. ಒಳಗೆ ಓಡಾಡೋಕೆ ಬೇರೆ ಚಪ್ಪಲಿ, ಚಾಪೆ ಹಾಸಿದ ಕೋಣೆಗೆ ಬರಿಗಾಲು ಇಲ್ಲಾ ಕಾಲುಚೀಲ, ಕಕ್ಕಸಿಗೆ ಮತ್ತೊಂದು ಚಪ್ಪಲಿ. ನಾನು ಕಕ್ಕಸಿನ ಚಪ್ಪಲೀಲೇ ಊಟದ ಮೇಜಿಗೆ ಬಂದು ಕೂತಿದ್ದೆ. ಮನೆಯವಳು ನಕ್ಕಿದ್ದೇ ನಕ್ಕಿದ್ದು. ಊಟದ ಕಡ್ಡೀನ ಅನ್ನಕ್ಕೆ ನೆಟ್ಟಗೆ ಚುಚ್ಚಿ ನಿಲ್ಲಿಸಿದ್ರೆ, ಅದು ಸತ್ತೋರಿಗೆ ಎಡೆ ಇಡೋ ರೀತಿಯಂತೆ. ಗೊತ್ತಿಲ್ಲದೆ ಅದನ್ನೂ ಮಾಡಿದ್ದೆ. ಮನೇಲಿ ಆಗಿದ್ದು, ಸರಿಹೋಯ್ತು.

ರೈಲಲ್ಲಿ ಹೋಗ್ವಾಗ ತಮ್ಮನ ಫೋನ್ ಬಂತು. ನಾಲೆ ನೀರಿನ ವಿಷಯ. ಗದ್ದೆ ಬದು ಮೇಲೆ ನಿಂತು ಮಾತಾಡೋ ಗಂಟಲಲ್ಲೇ ಮಾತಾಡಿದೆ. ಬೋಗಿ ತುಂಬ ಜನ, ಒಬ್ಬರೂ ಸೊಲ್ಲೆತ್ತಲಿಲ್ಲ. ಇಳಿದ ಮೇಲೆ, ರೈಲಲ್ಲಿ ಯಾರೂ ಫೋನಲ್ಲಿ ಮಾತಾಡಲ್ಲ ಅಂದ್ಲು ಮಗಳು. ಮತ್ತೆ ಒಬ್ರಾದ್ರೂ ಹೇಳ್ಬಾರದಿತ್ತಾ ಅಂದೆ. "ಇಲ್ಲಿ ಯಾರೂ ಬಯ್ಯಲ್ಲ ಅಪ್ಪ, ಅದೇ ಕಷ್ಟ" ಅಂದ್ಲು. ಆ ಮಾತು ಆಗ ನನಗೆ ಅರ್ಥ ಆಗಲಿಲ್ಲ.

ದಿನಾ ಬೆಳಿಗ್ಗೆ ಗದ್ದೆ ಕಡೆ ಹೋಗ್ತಿದ್ದೆ. ದಾರೀಲಿ ಒಂದು ಮನೆ ಮುಂದೆ ತಗಡಿನ ಚಪ್ಪರ, ಹಲಗೆ ಮೇಲೆ ಬದನೆಕಾಯಿ, ಸೌತೆಕಾಯಿ ಕವರಲ್ಲಿ ಕಟ್ಟಿ ಇಟ್ಟಿರೋರು. ಕಾಯೋರು ಯಾರೂ ಇಲ್ಲ. ಒಂದು ಡಬ್ಬಿ, ಅದಕ್ಕೆ 100 ಯೆನ್ ಹಾಕಿ ತಗೊಂಡು ಹೋಗೋದು. ನಮ್ಮ ದುಡ್ಡಲ್ಲಿ 50-60 ರೂಪಾಯಿ. ನಮ್ಮ ಸಂತೇಲಿ ಹಿಂಗಿಟ್ರೆ ಸಂಜೆಗೆ ಡಬ್ಬಿ ಇರುತ್ತಾ ಅಂತ ಯೋಚನೆ ಮಾಡ್ಕೊಂಡು ನಾನೂ ಎರಡು ಮೂರು ಸಲ ಬದನೆಕಾಯಿ ತಂದೆ.

ಸೆಪ್ಟೆಂಬರ್ ನಡುವೆ ಭತ್ತ ಹಣ್ಣಾಗಿತ್ತು. ಕೋಶಿಹಿಕಾರಿ ಅಂತ ತಳಿ, ಕಾಳು ಗುಂಡಗೆ, ತೆನೆ ಬಾಗಿ ನೆಲ ನೋಡ್ತಿತ್ತು. ತಡೆಯೋಕಾಗಲಿಲ್ಲ. ಬದುಗೆ ಇಳಿದು ಒಂದು ತೆನೆ ಕಿತ್ತು, ಅಂಗೈಲಿ ಉಜ್ಜಿ, ಎರಡು ಕಾಳು ಕಡಿದು ನೋಡಿದೆ. ಕಟಕ್ ಅಂತು. ಕೊಯ್ಲಿಗೆ ಬಂದಿದೆ. ತಲೆ ಎತ್ತಿದ್ರೆ ರಸ್ತೇಲಿ ಒಂದು ಬಿಳಿ ಪುಟಾಣಿ ಟ್ರಕ್ ನಿಂತಿದೆ, ಒಳಗಿಂದ ವಯಸ್ಸಾದ ಯಜಮಾನ್ರು ನೋಡ್ತಿದ್ದಾರೆ. ಕೈ ಮುಗಿದು ನಕ್ಕೆ. ಅವರು ಸ್ವಲ್ಪ ತಲೆ ಬಗ್ಗಿಸಿ ಹೊರಟುಹೋದ್ರು.

ಮನೆಗೆ ಬಂದು ಖುಷೀಲಿ ಹೇಳಿದೆ. ಮಗಳ ಮುಖ ಇಳಿದುಹೋಯ್ತು. "ಕೇಳ್ದೆ ಕಿತ್ತೆಯಾ?"

ನಮ್ಮ ಕಡೆ ಯಾರ ಗದ್ದೆಗಾದ್ರೂ ಇಳಿದು ತೆನೆ ಉಜ್ಜಿ ನೋಡೋದು ಅಂದ್ರೆ ಮಾತಾಡ್ಸಿದಂಗೆ. ಅಲ್ಲಿ ಬೇರೆಯವರ ಬದುಗೆ ಕಾಲಿಡೋದೇ ತಪ್ಪು. ಡಬ್ಬಿಗೆ ದುಡ್ಡು ಹಾಕೋ ಊರಲ್ಲೂ ಬೆಳೆ ಕಳ್ಳತನ ಇದೆ ಮಾವ, ಹಣ್ಣಿನ ತೋಟದವರು ಕ್ಯಾಮೆರಾ ಹಾಕಿದ್ದಾರೆ ಅಂದ್ರು ಅಳಿಯ. ಒಂದು ತೆನೆಗೆ ಇಷ್ಟೊಂದಾ ಅಂತ ನಾನೂ ಸಿಟ್ಟಾದೆ. ಮಗಳು ಮಗೂನ ಅವರಮ್ಮನ ಕೈಗೆ ಕೊಟ್ಟು ಅಂದ್ಲು, "ನೀನು ಇನ್ನು ಮೂರು ವಾರಕ್ಕೆ ಹೊರಟೋಗ್ತೀಯ ಅಪ್ಪ. ನಾವು ಇಲ್ಲೇ ಇರ್ಬೇಕು." ಆಮೇಲೆ ನಾನು ಮಾತಾಡಲಿಲ್ಲ.

ಮಾರನೇ ದಿನ ಅಂಗಡಿಯಿಂದ ಸಿಹಿ ತಿಂಡಿ ಡಬ್ಬಿ ತಂದ್ಲು, ಕಾಗದ ಸುತ್ತಿದ್ದು. ಅದನ್ನ ಚೀಲದಿಂದ ತೆಗೆದು ಎರಡೂ ಕೈಲಿ ಕೊಡಬೇಕು. ಹಾಲಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದ್ಲು. ಕೈ ಪಕ್ಕಕ್ಕೆ, ಬೆನ್ನು ನೆಟ್ಟಗೆ, ಸೊಂಟದಿಂದ ಬಗ್ಗಿ ಅಲ್ಲೇ ಸ್ವಲ್ಪ ಹೊತ್ತು ಇರಬೇಕು. ಸಣ್ಣಪುಟ್ಟದಕ್ಕೆಲ್ಲ 'ಸುಮಿಮಾಸೆನ್' ಸಾಕು. ಇದಕ್ಕೆ 'ಮೋಶಿವಾಕೆ ಗೊಜಾಯ್ಮಾಸೆನ್' ಅನ್ನಬೇಕಂತೆ. ಹಂಗಂದ್ರೇನು ಅಂದೆ. ಹೇಳ್ಕೊಳ್ಳೋಕೆ ನನ್ನ ಹತ್ರ ಯಾವ ನೆಪವೂ ಇಲ್ಲ ಅಂತ.

ಕಷ್ಟ ಆಗಿದ್ದು ಅದೇ. ನಾವು ತಪ್ಪಾಯ್ತು ಅನ್ನೋಕೆ ಮುಂಚೆ ನಾಲ್ಕು ಕಾರಣ ಹೇಳ್ತೀವಿ. ನಾನೂ ರೈತ, ನಮ್ಮ ಕಡೆ ಪದ್ಧತಿ ಹಂಗೆ, ಆಸೆಗೆ ಕಿತ್ತೆ ಅಂತ ಹೇಳ್ಬೇಕು ಅಂತ ಬಾಯಿಗೆ ಬರ್ತಿತ್ತು. ಅದೊಂದು ಮಾತ್ರ ಬೇಡ ಅಂದ್ಲು ಮಗಳು.

ಬಿಳಿ ಟ್ರಕ್ ನಿಂತಿದ್ದ ಮನೆ ಹುಡುಕ್ಕೊಂಡು ಹೋದ್ರೆ ಅದೇ ಬದನೆಕಾಯಿ ಚಪ್ಪರದ ಮನೆ. ಬಾಗಿಲೊಳಗೆ ಆ ತಗ್ಗಿನ ಜಾಗದಲ್ಲೇ ನಿಂತ್ವಿ. ಯಜಮಾನ್ರಿಗೆ ಎಪ್ಪತ್ತೈದಾದ್ರೂ ಇರಬೇಕು. ಬಗ್ಗಿದೆ, ಆ ಮಾತು ಹೇಳಿದೆ, ಪಾದ ನೋಡ್ತಾ ನಿಂತೆ. ಕಿವಿ ಬಿಸಿ ಆಗಿತ್ತು. ನನಗೆ ಐವತ್ತಾರು ವರ್ಷ, ಒಂದು ತೆನೆಗೆ ಹಿಂಗೆ ಬಗ್ಗಿದ್ದು ಇದೇ ಮೊದಲು. ಅವರೂ ಬಗ್ಗಿದ್ರು. ಏನೋ ಎರಡು ಮಾತು ಹೇಳಿದ್ರು, ಡಬ್ಬಿ ತಗೊಂಡ್ರು. ಒಳಗೆ ಬನ್ನಿ ಅನ್ನಲಿಲ್ಲ. ಎರಡು ನಿಮಿಷದ ಕೆಲಸ.

ಮರುದಿನ ಬಾಗಿಲ ಹಿಡಿಗೆ ಒಂದು ಚೀಲ ನೇತಾಡ್ತಿತ್ತು. ಬದನೆಕಾಯಿ, ಒಂದು ಕುಂಬಳಕಾಯಿ. ಚೀಟಿ ಇಲ್ಲ. ಕೊಟ್ಟಿದ್ದಕ್ಕೆ ಪ್ರತಿಯಾಗಿ ಕೊಡೋದು ಅಲ್ಲಿ ಪದ್ಧತಿ. ನಮ್ಮ ಮನೆಯವಳಿಗೆ ಇದು ತಕ್ಷಣ ಅರ್ಥ ಆಯ್ತು, "ನಾವು ಪಾತ್ರೆ ಬರಿದು ವಾಪಸ್ ಕಳಿಸಲ್ವಲ್ಲ, ಹಂಗೆ" ಅಂದ್ಲು. ಹಂಗಾದ್ರೆ ಅವರ ಸಿಟ್ಟು ಹೋಯ್ತಾ, ಇಲ್ಲಾ ಪದ್ಧತಿ ಅಂತ ಕೊಟ್ರಾ ಅಂತ ಮಗಳನ್ನ ಕೇಳಿದೆ.

"ಗೊತ್ತಿಲ್ಲ ಅಪ್ಪ. ಅದನ್ನ ಕೇಳೋ ಹಂಗಿಲ್ಲ."

ಒಂದು ವಾರಕ್ಕೆ ಆ ಗದ್ದೆ ಕೊಯ್ಲಿಗೆ ಬಂತು. ಬದು ಮೇಲೆಲ್ಲ ಕೆಂಪು ಹೂ ಅರಳಿತ್ತು. ಅದರ ಗೆಡ್ಡೆ ವಿಷ, ಬದು ತೋಡೋ ಪ್ರಾಣಿ ಬರದಿರಲಿ ಅಂತ ಹಿಂದಿನೋರು ನೆಟ್ಟಿದ್ದಂತೆ. ಮಿಷನ್ ತಿರುಗೋಕೆ ಜಾಗ ಬೇಕಲ್ಲ, ಅದಕ್ಕೆ ಯಜಮಾನ್ರು ಮೊದಲು ಮೂಲೆ ಮೂಲೆ ಕುಡುಗೋಲಲ್ಲಿ ಕೊಯ್ತಿದ್ರು, ಒಬ್ಬರೇ. ಇಳಿದು ಕೈ ಹಾಕಿದ್ರೆ ಹತ್ತು ನಿಮಿಷದ ಕೆಲಸ. ಕೈ ತುರಿಸ್ತಿತ್ತು. ಬದುಗೆ ಕಾಲಿಡಲಿಲ್ಲ, ರಸ್ತೇಲೇ ನಿಂತೆ. ಅವರು ತಲೆ ಎತ್ತಿ ನೋಡಿದ್ರು. ನಾನು ಬಗ್ಗಿದೆ. ಅವರು ಟೋಪಿ ತೆಗೆದು ಬಗ್ಗಿ, ಮತ್ತೆ ಕೊಯ್ಯೋಕೆ ಶುರು ಮಾಡಿದ್ರು. ನಾಲ್ಕನೇ ಮೂಲೆ ಮುಗಿಯೋವರೆಗೂ ನಿಂತು ನೋಡಿ ಮನೆಗೆ ಬಂದೆ.