ಅಣ್ಣನ ಮೊಬೈಲಿನಲ್ಲಿ ನೋಡಿದ ಸಿನಿಮಾಗಳು

ಎಸ್ಸೆಸ್ಸೆಲ್ಸಿ ಮುಗಿದಂದಿನಿಂದ ಈವರೆಗೆ ನಾನು ನೋಡಿದ ಸಿನಿಮಾಗಳು ಇಪ್ಪತ್ತು ದಾಟಿರಬಹುದು. ಥಿಯೇಟರಿಗೆ ಹೋದದ್ದು ಒಮ್ಮೆ ಮಾತ್ರ. ಉಳಿದವೆಲ್ಲ ಅಣ್ಣನ ಮೊಬೈಲಿನಲ್ಲಿ, ಅವನ ಡೇಟಾ ಮುಗಿಯುವ ತನಕ. ಅವುಗಳಲ್ಲಿ ಕೆಲವನ್ನು ನೋಡಿ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

'3 ಈಡಿಯಟ್ಸ್' (2009) ನೋಡದವರು ನಮ್ಮ ಕ್ಲಾಸಿನಲ್ಲಿ ಯಾರೂ ಇಲ್ಲ. ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ನನ್ನದೊಂದು ತಕರಾರಿದೆ. ಅಂಕದ ಹಿಂದೆ ಓಡಬೇಡಿ ಎನ್ನುವ ರ‍್ಯಾಂಚೋ ತಾನು ಮಾತ್ರ ಫಸ್ಟ್ ಬರುತ್ತಾನೆ! ಅಂಥವನು ಹಾಗೆ ಹೇಳುವುದು ಸುಲಭ. ಫಿಸಿಕ್ಸಿನಲ್ಲಿ ಪಾಸಾದರೆ ಸಾಕಪ್ಪಾ ಎನ್ನುವ ನಮ್ಮಂಥವರಿಗೆ 'ಟ್ವೆಲ್ತ್ ಫೇಲ್' (2023) ಹೆಚ್ಚು ಹತ್ತಿರ. ಮನೋಜ್ ಕುಮಾರ್ ಶರ್ಮ ಎಂಬ ಐಪಿಎಸ್ ಅಧಿಕಾರಿಯ ಜೀವನದಿಂದ ಬಂದ ಕಥೆ ಅದು. ಕಾಪಿ ಹೊಡೆಯಲು ಬಿಡದಿದ್ದುದರಿಂದ ಫೇಲಾದ ಹುಡುಗ ದೆಹಲಿಗೆ ಹೋಗಿ, ಹಿಟ್ಟಿನ ಗಿರಣಿಯಲ್ಲಿ ಮೈಯೆಲ್ಲ ಬಿಳಿ ಮಾಡಿಕೊಂಡು ದುಡಿಯುತ್ತಲೇ ಓದುತ್ತಾನೆ. ಇದರಲ್ಲಿ ಓದುವುದೆಂದರೆ ನಿಜವಾಗಿ ಓದುವುದೇ. ಒಂದು ಹಾಡು ಮುಗಿಯುವಷ್ಟರಲ್ಲಿ ಯಾರೂ ಪಾಸಾಗುವುದಿಲ್ಲ.

'ಕೆಜಿಎಫ್' ಬಗ್ಗೆ ಹುಡುಗರು ಬರೆಯಲಿ. ನನಗೆ ತಲೆನೋವು ಬಂತು.

'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' (2018) ಚಿತ್ರದ ಮಕ್ಕಳು ನಮ್ಮ ಪ್ರೈಮರಿಯವರ ಹಾಗೇ ಇದ್ದಾರೆ. ಕೋರ್ಟಿನ ಮಾತು ಉದ್ದವಾಯಿತು, ಆದರೆ ಆಡುವವರು ಅನಂತನಾಗ್ ಆದ್ದರಿಂದ ಮಾಫಿ.

ಇರಾನಿನ ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997) ಮಾತ್ರ ಮೂರು ಸಲ ನೋಡಿದ್ದೇನೆ. ಅಲಿ ತನ್ನ ತಂಗಿ ಝಹ್ರಾಳ ಶೂ ಕಳೆದುಬಿಡುತ್ತಾನೆ. ಅಪ್ಪನ ಹತ್ತಿರ ಹಣವಿಲ್ಲವೆಂದು ಇಬ್ಬರೂ ಹೇಳದೆ, ಒಂದೇ ಜೊತೆ ಶೂ ಹಂಚಿಕೊಳ್ಳುತ್ತಾರೆ. ಬೆಳಗಿನ ಶಾಲೆ ಬಿಟ್ಟು ಅವಳು ಓಡೋಡಿ ಬರಬೇಕು, ಇವನು ಅದೇ ಶೂ ಹಾಕಿಕೊಂಡು ಮಧ್ಯಾಹ್ನದ ಶಾಲೆಗೆ ಓಡಬೇಕು. ಎಲ್ಲರೂ ಕೊನೆಯ ಓಟದ ಬಗ್ಗೆ ಹೇಳುತ್ತಾರೆ. ನನಗೆ ನೆನಪಿರುವುದು ಸಕ್ಕರೆ. ಮಸೀದಿಗೆಂದು ಕೊಟ್ಟ ಸಕ್ಕರೆಯನ್ನು ಅಪ್ಪ ಮನೆಯಲ್ಲಿ ಕೂತು ತುಂಡು ಮಾಡುತ್ತಿದ್ದಾನೆ. ಮಗಳು ಚಹಾ ತಂದಾಗ ಸಕ್ಕರೆ ಕೇಳುತ್ತಾನೆ. ಎದುರಿಗೇ ಅಷ್ಟೊಂದಿದೆಯಲ್ಲ ಎಂದರೆ, ಅದು ಮಸೀದಿಯದು ಎನ್ನುತ್ತಾನೆ. ಅಷ್ಟೇ. ಉಪದೇಶವಿಲ್ಲ, ಹಿನ್ನೆಲೆಯಲ್ಲಿ ಪಿಟೀಲೂ ಇಲ್ಲ. ನಮ್ಮ ಮನೆಯಂಥ ಮನೆಯನ್ನು ಪರದೆಯ ಮೇಲೆ ನೋಡಿದ್ದು ಅದೇ ಮೊದಲು ಅನಿಸಿತು.

ಯಾಕೆಂದರೆ ಬೇರೆ ಸಿನಿಮಾಗಳಲ್ಲಿ ಬುರ್ಖಾವೋ ಟೋಪಿಯೋ ಕಂಡ ಕೂಡಲೇ, ಈಗೇನು ತೋರಿಸುತ್ತಾರೋ ಎಂದು ನನ್ನ ಮೈ ಬಿಗಿಯಾಗುತ್ತದೆ. ಒಂದೋ ಬಾಂಬು, ಇಲ್ಲವೇ ಹೀರೋಗಾಗಿ ಪ್ರಾಣ ಬಿಡುವ ಒಳ್ಳೆಯ ಚಾಚಾ. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಇವೆರಡೂ ಅಲ್ಲ. ವೈದೇಹಿಯವರ ಕಥೆಯಿಂದ ಮಾಡಿದ್ದು. ಕರಾವಳಿಯ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಮನೆಗೆ ಟಿವಿ ಬಂದಾಗ ಕೇರಿಯ ಹೆಂಗಸರೆಲ್ಲ ಬಂದು ಕೂರುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಕೇರಿಗೆ ಅವಳು ಬೇಡವಾಗುತ್ತಾಳೆ. ಉಮಾಶ್ರೀ ಅವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಉಮ್ಮ ಅರ್ಧದಿಂದ ನೋಡಲು ಶುರುಮಾಡಿ, ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಇನ್ನೊಂದು 'ಹಸೀನಾ' (2004), ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋಗುತ್ತಾನೆ. ಹಸೀನಾ ನ್ಯಾಯ ಕೇಳುತ್ತಾ ಮಕ್ಕಳ ಜೊತೆ ಮಸೀದಿಯ ಮುಂದೆ ಕೂರುತ್ತಾಳೆ. ಅವಳು ಕೇಳುವುದು ಧರ್ಮ ತನಗೆ ಕೊಟ್ಟ ಹಕ್ಕನ್ನೇ. "ಇಂಥದ್ದನ್ನು ತೋರಿಸಿದರೆ ಹೊರಗಿನವರು ನಮ್ಮನ್ನು ನೋಡಿ ನಗುವುದಿಲ್ಲವಾ?" ಎಂದು ಗೆಳತಿಯೊಬ್ಬಳು ಕೇಳಿದಳು. ನಗಬಹುದು. ಆದರೆ ಬರೆದವರು ಹೊರಗಿನವರಲ್ಲ. ನಮ್ಮ ಓಣಿಯಲ್ಲೇ ಬೀಡಿ ಕಟ್ಟಿ ಮೂರು ಹೆಣ್ಣುಮಕ್ಕಳನ್ನು ಓದಿಸುತ್ತಿರುವ ಒಬ್ಬರಿದ್ದಾರೆ. ಅವರ ಗಂಡ ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಯಾರೋ ನಗುತ್ತಾರೆಂದು ಅವರ ಕಥೆ ಹೇಳದೆ ಇರುವುದಾದರೆ, ಆ ಮರ್ಯಾದೆಯ ಖರ್ಚನ್ನು ಅವರೊಬ್ಬರೇ ಭರಿಸುತ್ತಿದ್ದಾರೆ ಎಂದಾಯಿತು.

ಪ್ರಿನ್ಸಿಪಾಲರಲ್ಲಿ ಒಂದು ವಿನಂತಿ. ನಮ್ಮ ಎ.ವಿ. ಹಾಲಿನ ಪ್ರೊಜೆಕ್ಟರಿನಲ್ಲಿ ಈ ವರ್ಷ 'ಹಸೀನಾ' ತೋರಿಸಬಹುದೇ, ಸರ್? ಹುಡುಗರೂ ಕೂತು ನೋಡಲಿ. ಪೋಷಕರಿಗೆ ಅವಕಾಶವಿದ್ದರೆ ಉಮ್ಮನನ್ನೂ, ಬರಲು ಒಪ್ಪಿದರೆ ಓಣಿಯ ಆ ತಾಯಿಯನ್ನೂ ನಾನೇ ಕರೆತರುತ್ತೇನೆ.