ವಾಷಿಂಗ್ಟನ್ನಿನಲ್ಲಿ ನಿಂತು ಕೇಳುವ ಸಂಗೀತ

ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ನಿಗೆ ಹೋಗುವ ನಮ್ಮವರು ಅಧ್ಯಕ್ಷರ ಶ್ವೇತಭವನವನ್ನೂ ಲಿಂಕನ್ ಮಹಾಶಯನ ಸ್ಮಾರಕವನ್ನೂ ನಾಲ್ಕಾರು ವಸ್ತುಸಂಗ್ರಹಾಲಯಗಳನ್ನೂ ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಅವು ನೋಡತಕ್ಕವುಗಳೇ; ಸಂದೇಹವಿಲ್ಲ. ಆದರೆ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಸೇರಿದ ಸ್ಥಳಗಳೂ ಆ ಊರಿನಲ್ಲಿ ಉಂಟು. ಅವುಗಳ ವಿಚಾರವನ್ನು ವಾಚಕರಿಗೆ ತಿಳಿಸಬೇಕೆಂಬುದು ನನ್ನ ಉದ್ದೇಶ.

ಅಲ್ಲಿನ ಎಫ್ ಬೀದಿಯಲ್ಲಿ 930ನೆಯ ಸಂಖ್ಯೆಯ ಹಳೆಯ ಕಟ್ಟಡವೊಂದರಲ್ಲಿ 1980ರಲ್ಲಿ ಒಂದು ಸಂಗೀತಶಾಲೆ ತೆರೆಯಿತು. ಕಟ್ಟಡದ ಸಂಖ್ಯೆಯಿಂದಲೇ ಅದಕ್ಕೆ ‘ನೈನ್ ಥರ್ಟಿ ಕ್ಲಬ್’ ಎಂದು ಹೆಸರಾಯಿತು. ಒಳಗೆ 199 ಮಂದಿಗೆ ಮಾತ್ರ ಅವಕಾಶ. ರಂಗಸ್ಥಳದ ಮುಂದೆ ಒಂದು ಕಂಬ. ಅದರ ಹಿಂದೆ ಸಿಕ್ಕಿಕೊಂಡವನಿಗೆ ಹಾಡುವವನು ಅರ್ಧವೇ ಕಾಣುತ್ತಿದ್ದನಂತೆ. ಇಲಿಗಳ ಕಾಟ ಬೇರೆ. ಆದರೂ ಆ ಇಕ್ಕಟ್ಟಿನ ಕೋಣೆಯನ್ನು ಜನರು ಮರೆಯಲಿಲ್ಲ. 1996ರಲ್ಲಿ ಕ್ಲಬ್ಬು ವೀ ಬೀದಿಗೆ ಹೋಗಿ, 1200 ಮಂದಿ ಹಿಡಿಸುವಷ್ಟು ಬೆಳೆಯಿತು. 2023ರಲ್ಲಿ ಅದರ ಒಡೆಯರೇ ಪಕ್ಕದಲ್ಲಿ 450 ಮಂದಿಯ ‘ಅಟ್ಲಾಂಟಿಸ್’ ಎಂಬ ಮತ್ತೊಂದು ಶಾಲೆಯನ್ನು ಹಳೆಯದರ ನೆನಪಿಗಾಗಿಯೇ ಕಟ್ಟಿಸಿದರು. ಡ್ಯೂಕ್ ಎಲಿಂಗ್ಟನ್ ಎಂಬ ಪ್ರಸಿದ್ಧ ಜಾಜ್ ವಾದಕನು ಬೆಳೆದದ್ದೂ ಈ ಸುತ್ತುಮುತ್ತಿನಲ್ಲಿಯೇ.

ಇಲ್ಲಿ ಹಾಡುವವರಲ್ಲಿ ಅನೇಕರು ‘ಇಂಡೀ’ ರಾಕ್ ತಂಡಗಳವರು. ಎಂದರೆ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟಿ, ವಾದ್ಯಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ದಿನಕ್ಕೊಂದು ಊರಿಗೆ ಹೋಗುವವರು. ನಮ್ಮ ಯಕ್ಷಗಾನದ ಮೇಳಗಳವರು ಹೇಳುವ ‘ತಿರುಗಾಟ’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೇಳದ ಹಿಂದೆ ಊರಿಂದೂರಿಗೆ ಹೋಗಿ ಆಟ ನೋಡುವ ಅಭಿಮಾನಿಗಳಂತೆ ಈ ತಂಡಗಳ ಹಿಂದೆ ಹೋಗುವವರೂ ಇದ್ದಾರೆ.

ಈ ಹಿಂದೆ ಹೋಗುವ ಚಪಲವೇ ಅಲ್ಲಿರುವ ನನ್ನ ತಮ್ಮನ ಮನೆಯಲ್ಲಿ ವ್ಯಾಜ್ಯಕ್ಕೆ ಕಾರಣವಾಗಿತ್ತು. ಅವನ ಮಗಳಿಗೆ ಹದಿನಾರು ವರ್ಷ. ಒಂದು ತಂಡದ ಕಚೇರಿಯನ್ನು ವಾಷಿಂಗ್ಟನ್ನಿನಲ್ಲಿ ಕೇಳಿ, ಮರುದಿನ ನಲವತ್ತು ಮೈಲಿ ದೂರದ ಬಾಲ್ಟಿಮೋರಿನಲ್ಲಿಯೂ ಅದನ್ನೇ ಕೇಳಬೇಕೆಂದು ಅವಳ ಹಟ. “ಕುಡಿಯುವ ಅಂಗಡಿಯೇ ಅಲ್ಲವೆ ಅದು? ನೀವಾದರೂ ಬುದ್ಧಿ ಹೇಳಿ, ಭಾವನವರೆ” ಎಂದಳು ಅವಳ ತಾಯಿ. ನೋಡದೆ ಹೇಳುವುದು ಹೇಗೆ? ಮಗುವಿನ ಜೊತೆಯಲ್ಲಿ ನಾನೇ ಹೊರಟೆನು.

ಬಾಗಿಲಲ್ಲಿ ಹುಡುಗಿಯ ಎರಡು ಕೈಗಳ ಮೇಲೂ ಕರಿಯ ಮಸಿಯಿಂದ ದೊಡ್ಡ ಕತ್ತರಿ ಗುರುತನ್ನು ಎಳೆದರು. ಇಪ್ಪತ್ತೊಂದು ತುಂಬದವರಿಗೆ ಮದ್ಯ ಕೊಡಕೂಡದೆಂಬುದಕ್ಕೆ ಅದು ಸಂಜ್ಞೆ. ಈ ಗುರುತಿಗೊಂದು ಕಥೆಯಿದೆ. 1980ರಲ್ಲಿ ವಾಷಿಂಗ್ಟನ್ನಿನ ‘ಟೀನ್ ಐಡಲ್ಸ್’ ಎಂಬ ಹುಡುಗರ ತಂಡ ಕ್ಯಾಲಿಫೋರ್ನಿಯಾಕ್ಕೆ ಹೋದಾಗ, ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತಶಾಲೆಯೊಂದರಲ್ಲಿ ಅವರ ಕೈಗಳಿಗೆ ಈ ಗುರುತು ಹಾಕಿ ಒಳಗೆ ಬಿಟ್ಟರು. ಊರಿಗೆ ಮರಳಿದ ಹುಡುಗರು, “ನಮಗೂ ಹೀಗೆಯೇ ಗುರುತು ಹಾಕಿ, ನಾವು ಕುಡಿಯುವುದಿಲ್ಲ, ಸಂಗೀತ ಕೇಳಗೊಡಿ” ಎಂದು ಇಲ್ಲಿಯ ಕ್ಲಬ್ಬಿನವರನ್ನು ಕೇಳಿಕೊಂಡರು. ಕ್ರಮೇಣ, ಕುಡಿಯಬಹುದಾದ ವಯಸ್ಸಿನವರು ಕೂಡ ಮದ್ಯವನ್ನು ಬಿಟ್ಟವರೆಂದು ತೋರಿಸಿಕೊಳ್ಳಲು ಅದನ್ನು ಬಿರುದಿನಂತೆ ಧರಿಸತೊಡಗಿದರು. ಇದನ್ನು ಕೇಳಿದ ಮೇಲೆ ನನ್ನ ಅರ್ಧ ಭಯ ಹೋಯಿತು.

ಒಳಗೆ ಎಲ್ಲರೂ ನಿಂತೇ ಕೇಳಬೇಕು. ರಂಗಸ್ಥಳಕ್ಕೆ ಗಾಲಿಗಳಿವೆ, ಜನ ಕಡಮೆಯಾದರೆ ಅದನ್ನು ಮುಂದಕ್ಕೆ ತಂದು ಕೋಣೆ ತುಂಬಿದಂತೆ ಮಾಡುತ್ತಾರಂತೆ. ಶಬ್ದವೋ, ಎದೆಯ ಗೂಡನ್ನೇ ಮದ್ದಳೆ ಮಾಡಿಕೊಂಡು ಬಡಿದಂತೆ! ಹುಡುಗಿ ಮೊದಲೇ ನನ್ನ ಕಿವಿಗಳಿಗೆ ಬೆಣೆ ಹಾಕಿಸಿದ್ದಳು. ಹೋಗುವವರು ಇದನ್ನು ಮರೆಯಬಾರದು. ಮೊದಲ ಅರ್ಧ ಗಂಟೆ ನನಗೆ ಗದ್ದಲವಲ್ಲದೆ ಮತ್ತೇನೂ ಕೇಳಿಸಲಿಲ್ಲ. ಬರಬರುತ್ತ ಗದ್ದಲದ ಒಳಗೆ ಒಂದು ರಾಗ ಎಳೆಯೆಳೆಯಾಗಿ ಬಿಡಿಸಿಕೊಂಡಿತು. ಮಗು ಮಾತ್ರ ಪುಟ್ಟ ಪುಸ್ತಕದಲ್ಲಿ ಹಾಡುಗಳ ಕ್ರಮವನ್ನು ಬರೆದುಕೊಳ್ಳುತ್ತಿದ್ದಳು. “ನಾಳೆ ಈ ಕ್ರಮ ಇರುವುದಿಲ್ಲ ದೊಡ್ಡಪ್ಪ, ಅದಕ್ಕೇ ಬಾಲ್ಟಿಮೋರಿಗೆ ಹೋಗಬೇಕು” ಎಂದಳು. ಕಚೇರಿ ಮುಗಿದಾಗ ಹಾಡಿದವರೇ ಬಂದು ಮೇಜಿನ ಹಿಂದೆ ನಿಂತು ಅಂಗಿಗಳನ್ನೂ ಧ್ವನಿಮುದ್ರಿಕೆಯ ತಟ್ಟೆಗಳನ್ನೂ ಮಾರಿದರು. ಮುಂದಿನ ಊರಿನ ಪೆಟ್ರೋಲಿಗೆ ಹಣ ಹುಟ್ಟುವುದು ಅಲ್ಲಿಂದಲೇ.

ಆ ಟೀನ್ ಐಡಲ್ಸ್ ತಂಡದಲ್ಲಿದ್ದ ಇಯಾನ್ ಮೆಕೇ ಎಂಬವರು ಮುಂದೆ ‘ಫುಗಾಜಿ’ ಎಂಬ ತಂಡವನ್ನು ಕಟ್ಟಿದರು. ಅದು 1987ರಿಂದ 2002ರವರೆಗೆ ಸಾವಿರಕ್ಕೂ ಮಿಕ್ಕಿ ಕಚೇರಿಗಳನ್ನು ನಡೆಸಿತು. ಟಿಕೀಟು ಸಾಮಾನ್ಯವಾಗಿ ಐದೇ ಡಾಲರು. ಯಾವ ವಯಸ್ಸಿನವರನ್ನೂ ಹಿಂದಕ್ಕೆ ಕಳುಹಿಸಕೂಡದೆಂಬುದು ನಿಯಮ. ಗುಂಪಿನಲ್ಲಿ ಯಾರಾದರೂ ಮತ್ತೊಬ್ಬರನ್ನು ತುಳಿದು ನೂಕಿದರೆ ವಾದನವನ್ನೇ ನಿಲ್ಲಿಸಿ ಎಚ್ಚರಿಸುತ್ತಿದ್ದರು. ಕೇಳದವನಿಗೆ ಐದು ಡಾಲರನ್ನು ಲಕೋಟೆಯಲ್ಲಿಟ್ಟು ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ಸಂಗೀತಗಾರನಿಗೆ ಸಭೆಯ ಮೇಲೆ ಇಷ್ಟು ಹೊಣೆ ಇರಬೇಕೆಂಬುದು ನನಗೆ ಬಹಳ ಮೆಚ್ಚಿಗೆಯಾಯಿತು. ಹಾಡುಗಳ ಪಟ್ಟಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿ ಅವರಲ್ಲಿರಲಿಲ್ಲ. ಅಂದಂದಿನ ರಾತ್ರಿ ಅಂದಂದಿಗೇ. 800ಕ್ಕೂ ಹೆಚ್ಚು ಕಚೇರಿಗಳ ಧ್ವನಿಮುದ್ರಣಗಳು ಉಳಿದಿದ್ದು, 2011ರಿಂದ ಅವು ಒಂದೊಂದಾಗಿ ಜನರ ಕೈಸೇರತೊಡಗಿದವು. ಮಗುವಿನ ಪುಟ್ಟ ಪುಸ್ತಕ ಹುಚ್ಚಲ್ಲವೆಂದು ನನಗೆ ಆಗ ತಿಳಿಯಿತು.

ಕಾಸಿಲ್ಲದೆ ಕೇಳಬೇಕೆನ್ನುವವರು ಬೇಸಗೆಯಲ್ಲಿ ಫೋರ್ಟ್ ರೀನೋ ಗುಡ್ಡಕ್ಕೆ ಹೋಗಬಹುದು. 409 ಅಡಿ ಎತ್ತರದ ಈ ಗುಡ್ಡವೇ ನಗರದಲ್ಲೆಲ್ಲ ಎತ್ತರದ ಸ್ಥಳ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಇಲ್ಲಿ ಕೋಟೆಯಿತ್ತು. 1968ರಲ್ಲಿ ಇಲ್ಲಿ ಉಚಿತ ಕಚೇರಿಗಳು ಮೊದಲಾದವು. ಫುಗಾಜಿಯವರೂ ಇಲ್ಲಿ ಹಾಡಿದ್ದಾರೆ. ಹುಲ್ಲಿನ ಮೇಲೆ ಜಮಖಾನೆ ಹಾಸಿ ಮಕ್ಕಳು ಮರಿಗಳೊಡನೆ ಕುಳಿತು ಕೇಳಬಹುದು. ಮದ್ಯಕ್ಕೆ ಅಲ್ಲಿ ಅಪ್ಪಣೆಯಿಲ್ಲ.

ನಾನು ಕಂಡದ್ದನ್ನು ಕಂಡಂತೆ ಮನೆಯಲ್ಲಿ ಹೇಳಿದೆನು. ತಂದೆ ಜೊತೆಯಲ್ಲಿ ಹೋಗತಕ್ಕದ್ದು, ಕಚೇರಿ ಮುಗಿದೊಡನೆ ಮನೆಗೆ ಹೊರಡತಕ್ಕದ್ದು ಎಂಬ ಕಟ್ಟಿನ ಮೇಲೆ ಬಾಲ್ಟಿಮೋರಿಗೆ ಅಪ್ಪಣೆಯಾಯಿತು. ಅದರಾಚೆಯ ಫಿಲಡೆಲ್ಫಿಯದ ಮಾತನ್ನು ಮಗು ಎತ್ತಿದಳು. ತಾಯಿ ಕೇಳಿಸದವಳಂತೆ ಅಡಿಗೆಯ ಮನೆಗೆ ಹೋದಳು.