ರಟ್ಟ್ಯಾಗಿನ ಬಲ ಯಾರ ಕಡಿಂದ ಬಂತು?

ನಮ್ಮ ಮುಧೋಳದ ಅತ್ತಿಯವರಿಗೆ 82. ಈಗೂ ತುಂಬಿದ ಕೊಡ ಟೊಂಕಕ್ಕ ಇಟಗೊಂಡು ಬರ್ತಾರ. ಬನಹಟ್ಟ್ಯಾಗ ಇರೂ ನಮ್ಮವ್ವಗ 76. ಕಂಡಿಕಿ ಸುತ್ತಿ ಸುತ್ತಿ ನಮ್ಮನ್ನೆಲ್ಲಾ ಬೆಳೆಸಿದಾಕಿ, ಈಗ ನೆಲದ ಮ್ಯಾಲೆ ಕುಂತ್ರ ಗ್ವಾಡಿ ಹಿಡದರೂ ಏಳಾಕ ಆಗವಲ್ದು. "ಅವರದು ಪೈಲ್ವಾನರ ವಂಶ ಬಿಡವಾ, ನಿಮ್ಮ ತವರಿನವರ ಮೆತ್ತಗ" ಅಂತ ಮಂದಿ ಅಂದ್ರ, ನಮ್ಮವ್ವನೂ ಹೌದಂದು ಕಾಟಿನ ಮ್ಯಾಲೆ ಕುಂತುಬಿಟ್ಟಾಳ. ನನಗ ಅಂಜಿಕಿ ಅದರದ. ಆಕಿ ಹೊಟ್ಟ್ಯಾಗ ಹುಟ್ಟಿದಾಕಿ ನಾನು, ನನಗೂ 55 ಆತು.

ನಮ್ಮಣ್ಣನ ಮಗಳು ಫಿಜಿಯೋಥೆರಪಿ ಓದ್ಯಾಳ. ಆಕಿನ್ನ ಕೇಳಿದೆ. ವಂಶದ ಮಾತು ಪೂರಾ ಸುಳ್ಳಲ್ಲ ಅತ್ತಿ, ಅಂದ್ಲು. ಅವಳಿಜವಳಿಗೋಳನ್ನ ಹೋಲಿಸಿ ನೋಡಿದ್ರ, ಮಂದಿ ಮಂದಿಗೆ ಕೈ ಹಿಡಿತದಾಗ ಇರೂ ಫರಕಿನೊಳಗ ಹತ್ತತ್ರ ಅರ್ಧ ಜೀನ್‌ದಿಂದ ಬರ್ತೈತಂತ. 2021ರಾಗ, 60 ದಾಟಿದ ಎರಡೂವರಿ ಲಕ್ಷಕ್ಕೂ ಹೆಚ್ಚು ಮಂದಿದು ನೋಡಿ, ಕೈ ಬಲ ಕಡಿಮಿ ಆಗೂದಕ್ಕ ಸಂಬಂಧಪಟ್ಟ 15 ಜಾಗಾ ಡಿಎನ್‌ಎದಾಗ ಹುಡುಕ್ಯಾರ. (ಅವರು ಯುರೋಪ ಮೂಲದ ಮಂದಿ, ನಮ್ಮಂಗ ಜೋಳದ ರೊಟ್ಟಿ ಬಡಿಯೂ ಮಂದಿ ಅಲ್ಲ ಬಿಡ್ರಿ.) ಅದರಾಗ ಕೆಲವಕ್ಕ ಸಂದು ಬ್ಯಾನಿ ಜೋಡಿನೂ ನಂಟೈತಿ. ಆದ್ರ ಒಂದೊಂದರದು ಪರಿಣಾಮ ಸಾಸಿವಿಕಾಳಿನಷ್ಟ. ಒಂದ ಜೀನ್ ಕೆಟ್ಟು ನಮ್ಮವ್ವನ ಕಾಲು ಸೋತಾವು ಅನ್ನಾಕ ಬರೂದಿಲ್ಲ.

ನಮ್ಮ ಮುಧೋಳ ನಾಯಿನ ನೋಡ್ರಿ. ತಳಿ ಅಂದ್ರ ತಳಿ, ತಿಮ್ಮಾಪುರದಾಗ ಅದಕ್ಕಂತ ಸಂಶೋಧನಾ ಕೇಂದ್ರನ ಐತಿ. ಅಂಥಾ ನಾಯಿನ್ನ ಮರಿ ಇದ್ದಾಗಿಂದ ಸರಪಳಿಗೆ ಕಟ್ಟಿ ಕುಂಡ್ರಿಸಿದ್ರ ಮೊಲದ ಹಿಂದ ಓಡತೈತೇನ್ರಿ? ಅತ್ತಿಯವರು ಒಂದಿನಾನೂ ಕೊಡ ಇಳಿಸಿಲ್ಲ. ಅವ್ವಗ ಮಣಕಾಲ ಬ್ಯಾನಿ ಬಂದಾಗ ನಾವ ಎಲ್ಲಾ ಕೂಡಿ "ಕುಂಡ್ರಬೇ, ಕುಂಡ್ರಬೇ" ಅಂದ್ವಿ.

1990ರಾಗ ಅಮೆರಿಕಾದ ಬೋಸ್ಟನ್‌ದಾಗ 90ರ ಆಸುಪಾಸಿನ, ಭಾಳ ನಿಶ್ಶಕ್ತಿ ಆದ 10 ಮಂದಿಗೆ ಭಾರ ಎತ್ತೂ ವ್ಯಾಯಾಮ ಮಾಡಿಸಿದ್ರಂತ. ಒಬ್ಬರು ಬಿಟ್ರು. ಉಳಿದ 9 ಮಂದಿ 8 ವಾರ ಮುಗಿಸಿದ್ರು, ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಹೆಚ್ಚಾತು. 90ಕ್ಕ! ಅವರ ಜೀನೇನು ಬದಲಾಗಿರಲಿಲ್ಲಲ್ಲ.

ಡಾಕ್ಟರನ್ನ ಕೇಳಿ ಅವ್ವಗ ಸುರು ಮಾಡಿಸೀವಿ. ಕುರ್ಚಿ ಗ್ವಾಡಿಗೆ ಹಚ್ಚಿ ಇಡೂದು, ಕೈ ಊರದ ಏಳೂದು, ಕುಂಡ್ರೂದು, ಮುಂಜಾನೆ, ಸಂಜಿಕ. ಊಟಕ್ಕ ಬರೇ ರೊಟ್ಟಿ ಚಟ್ನಿ ಬ್ಯಾಡ ಅಂತ ದಿನಾ ಮಡಕಿಕಾಳು ಪಲ್ಯಾ, ಮೊಸರು, ಗಟ್ಟಿ ಬ್ಯಾಳಿ. ಮೊದಲ ವಾರ ಎರಡು ಸಲ ಎದ್ದು ನನಗ ಬೈದ್ಲು. ಮೊನ್ನಿ ಏಳು ಸಲ ಎದ್ದಳಂತ, ತಮ್ಮನ ಹೆಂಡತಿ ಫೋನ್ ಹಚ್ಚಿದ್ಲು. ನೆಲದಿಂದ ಏಳೂದು ಇನ್ನೂ ಆಗಿಲ್ಲ.